ಪರದೆಯಲ್ಲಿ ಕೂತುಬಿಟ್ಟ ಲೋಗೊ: ಬರ್ನ್-ಇನ್ ಪತ್ತೆ ಹಚ್ಚುವುದು, ತಗ್ಗಿಸುವುದು, ತಡೆಯುವುದು

ದಿನವಿಡೀ ಸುದ್ದಿ ಚಾನೆಲ್ ಓಡುವ ಮನೆಯ ಟಿವಿಯಲ್ಲಿ ಒಂದು ಸಂಜೆ ಕ್ರಿಕೆಟ್ ಹಾಕುತ್ತೀರಿ. ಮೈದಾನದ ಹಸಿರು ಪರದೆ ತುಂಬಿದಾಗ ಕೆಳಗಡೆ ಒಂದು ಅಡ್ಡಪಟ್ಟಿ ತೆಳುವಾಗಿ ಕಾಣುತ್ತದೆ. ಬಲ ಮೂಲೆಯಲ್ಲಿ ಚೌಕದಂಥ ನೆರಳು, ಅದರೊಳಗೆ ಅರ್ಧಂಬರ್ಧ ಓದಲು ಬರುವ ಒಂದು ಅಕ್ಷರ. ಬಟ್ಟೆಯಲ್ಲಿ ಒರೆಸಿದರೂ ಹೋಗದು, ಚಾನೆಲ್ ಬದಲಿಸಿದರೂ ಹೋಗದು. ಇದಕ್ಕೇ ಬರ್ನ್-ಇನ್ ಎನ್ನುವುದು.

ಹೆಸರು ಕೇಳಿದರೆ ಪರದೆ ಸುಟ್ಟಿದೆ ಅನಿಸುತ್ತದೆ. ನಿಜಕ್ಕೂ ಆಗಿರುವುದು ಸವಕಳಿ. ಗೋಡೆಯ ಮೇಲೆ ಹತ್ತು ವರ್ಷ ಒಂದೇ ಮೊಳೆಗೆ ತೂಗುಹಾಕಿದ್ದ ಕ್ಯಾಲೆಂಡರ್ ತೆಗೆದು ನೋಡಿ: ಅದರ ಹಿಂದಿನ ಬಣ್ಣ ಹೊಸದರಂತಿದೆ, ಸುತ್ತಲಿನದು ಮಾಸಿದೆ. ಚೌಕ ಎದ್ದು ಕಾಣುವುದು ಎರಡು ಭಾಗಗಳು ಬೇರೆಬೇರೆ ವೇಗದಲ್ಲಿ ಮಾಸಿದ್ದರಿಂದ. ಟಿವಿಯಲ್ಲಿ ಇದು ತಿರುವುಮುರುವು. ಲೋಗೊ ಇದ್ದ ಜಾಗ ಹೆಚ್ಚು ದುಡಿದು ಹೆಚ್ಚು ಸವೆದಿದೆ, ಉಳಿದದ್ದು ಕಡಿಮೆ ಸವೆದಿದೆ. ಸವೆದದ್ದನ್ನು ಒರೆಸಿ ತೆಗೆಯಲು ಬರುವುದಿಲ್ಲ. ವ್ಯತ್ಯಾಸ ಕಣ್ಣಿಗೆ ಬೀಳದಷ್ಟು ಸರಿದೂಗಿಸಬಹುದು, ಮುಂದೆ ಹೆಚ್ಚದಂತೆ ತಡೆಯಬಹುದು. ಈ ಮಾತು ಮನಸ್ಸಿನಲ್ಲಿದ್ದರೆ ಯಾವ ಉಪಾಯ ಕೆಲಸ ಮಾಡುತ್ತದೆ, ಯಾವುದು ಮಾಡದು ಎಂಬುದು ತಾನಾಗಿಯೇ ಹೊಳೆಯುತ್ತದೆ.

ಮೊದಲು, ನಿಮ್ಮ ಪ್ಯಾನೆಲ್ ಯಾವುದು?

ಒಎಲ್‌ಇಡಿ ಪರದೆಯಲ್ಲಿ ಪ್ರತಿ ಚುಕ್ಕೆಯೂ ತನ್ನ ಬೆಳಕನ್ನು ತಾನೇ ಹೊಮ್ಮಿಸುತ್ತದೆ. ಬೆಳಕು ಕೊಡುವ ಸಾವಯವ ಪದರ ದುಡಿದಷ್ಟೂ ಮಂಕಾಗುತ್ತದೆ. ಹರಿಸುವ ಕರೆಂಟ್ ಅಷ್ಟೇ, ಬರುವ ಬೆಳಕು ಕಡಿಮೆ. ಮೂರು ಬಣ್ಣಗಳಲ್ಲಿ ನೀಲಿಯದೇ ಆಯುಸ್ಸು ಕಡಿಮೆ. ಸವಕಳಿಯನ್ನು ಬೇಗ ಮಾಡಿಸುವುದು ಎರಡು: ಹೊಳಪು ಮತ್ತು ಶಾಖ. ಹೊಳಪಿನ ಲೆಕ್ಕ ನೇರವಾಗಿಲ್ಲ. ಅರ್ಧಕ್ಕೆ ಇಳಿಸಿದರೆ ಆಯುಸ್ಸು ಎರಡು ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ಹಾಗಾಗಿ ರಿಮೋಟಿನಲ್ಲಿ ಹೊಳಪು ಇಳಿಸುವುದಕ್ಕಿಂತ ದೊಡ್ಡ ಮದ್ದು ಬೇರೆ ಇಲ್ಲ.

ಒಎಲ್‌ಇಡಿಯಲ್ಲೂ ಎರಡು ಬಗೆ. ಎಲ್‌ಜಿ ಡಿಸ್‌ಪ್ಲೇ ತಯಾರಿಸುವ ಟಿವಿ ಪ್ಯಾನೆಲ್‌ಗಳಲ್ಲಿ ಬಿಳಿ ಬೆಳಕಿನ ಮುಂದೆ ಬಣ್ಣದ ಫಿಲ್ಟರ್ ಇರುತ್ತದೆ, ಒಂದು ಚುಕ್ಕೆಗೆ ಕೆಂಪು, ಹಸಿರು, ನೀಲಿ, ಬಿಳಿ ಎಂದು ನಾಲ್ಕು ಉಪಚುಕ್ಕೆಗಳು. ಸ್ಯಾಮ್‌ಸಂಗ್ ಡಿಸ್‌ಪ್ಲೇಯ ಕ್ಯೂಡಿ-ಒಎಲ್‌ಇಡಿ 2022ರಲ್ಲಿ ಮಾರುಕಟ್ಟೆಗೆ ಬಂತು. ಅದರಲ್ಲಿ ನೀಲಿ ಬೆಳಕನ್ನೇ ಕ್ವಾಂಟಮ್ ಡಾಟ್ ಪದರ ಕೆಂಪು, ಹಸಿರಾಗಿ ಬದಲಿಸುತ್ತದೆ. ಎರಡೂ ಸವೆಯುತ್ತವೆ.

ಎಲ್‌ಸಿಡಿಯಲ್ಲಿ ಬೆಳಕು ಹಿಂದಿನಿಂದ ಬರುತ್ತದೆ. ಅಂಗಡಿಯಲ್ಲಿ ಎಲ್‌ಇಡಿ, ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ ಎಂದು ಮಾರುವುದೆಲ್ಲ ಇದೇ ಜಾತಿ. ಕ್ಯೂಎಲ್‌ಇಡಿ ಬೇರೆ, ಕ್ಯೂಡಿ-ಒಎಲ್‌ಇಡಿ ಬೇರೆ. ಹೆಸರು ಹತ್ತಿರವಿದೆಯೆಂದು ಬಹಳ ಜನ ಇಲ್ಲಿ ಎಡವುತ್ತಾರೆ, ಆದ್ದರಿಂದ ಬಿಲ್ಲಿನಲ್ಲಿರುವ ಮಾಡೆಲ್ ನಂಬರನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ಒಮ್ಮೆ ಖಚಿತಪಡಿಸಿಕೊಳ್ಳಿ. ಎಲ್‌ಸಿಡಿಯಲ್ಲಿ ಸ್ಥಿರ ಚಿತ್ರದ ನೆರಳು ಉಳಿಯುವುದಕ್ಕೆ ಕಾರಣವೇ ಬೇರೆ. ದ್ರವಸ್ಫಟಿಕದೊಳಗಿನ ಅಯಾನುಗಳು ಒಂದೇ ಚಿತ್ರ ಗಂಟೆಗಟ್ಟಲೆ ನಿಂತಾಗ ಒಂದು ಕಡೆ ಸರಿದು ಕೂರುತ್ತವೆ, ಹರಳುಗಳು ಪೂರ್ತಿಯಾಗಿ ತಿರುಗದೆ ಹಳೆಯ ಚಿತ್ರದ ಛಾಯೆ ಉಳಿಯುತ್ತದೆ. ಇದು ಸಾಮಾನ್ಯವಾಗಿ ಹೋಗುತ್ತದೆ.

ಪ್ಲಾಸ್ಮಾ ಟಿವಿಗಳ ತಯಾರಿಕೆಯನ್ನು ದೊಡ್ಡ ಕಂಪನಿಗಳು 2014ರ ಹೊತ್ತಿಗೆ ನಿಲ್ಲಿಸಿದವು. ಅವುಗಳಲ್ಲಿಯೂ, ಅದಕ್ಕೂ ಹಿಂದಿನ ಡಬ್ಬಾ ಟಿವಿಗಳಲ್ಲಿಯೂ ಸವೆಯುತ್ತಿದ್ದದ್ದು ಗಾಜಿನ ಒಳಗಿನ ಫಾಸ್ಫರ್ ಪುಡಿ.

ಪರೀಕ್ಷೆ: ಪೆನ್‌ಡ್ರೈವ್ ಮತ್ತು ಒಂಬತ್ತು ಚಿತ್ರಗಳು

ಯೂಟ್ಯೂಬಿನಲ್ಲಿ ಬರ್ನ್-ಇನ್ ಪರೀಕ್ಷೆಯ ವಿಡಿಯೊಗಳು ಬೇಕಾದಷ್ಟಿವೆ. ಆದರೆ ವಿಡಿಯೊ ಕುಗ್ಗಿಸುವಾಗ ಬೂದು ಬಣ್ಣದಲ್ಲಿ ಚೌಕಚೌಕದ ಕಲೆ ಬೀಳುವುದರಿಂದ ಅದನ್ನೇ ದೋಷವೆಂದು ತಿಳಿಯುವ ಅಪಾಯವಿದೆ. ನೀವೇ ಚಿತ್ರ ಮಾಡಿಕೊಳ್ಳುವುದು ಹತ್ತು ನಿಮಿಷದ ಕೆಲಸ.

1. ಕಂಪ್ಯೂಟರಿನಲ್ಲಿ ಪೇಂಟ್ ತೆರೆದು ಚಿತ್ರದ ಅಳತೆಯನ್ನು ಅಡ್ಡಕ್ಕೆ 3840, ಎತ್ತರಕ್ಕೆ 2160 ಎಂದು ಕೊಡಿ. ಫುಲ್ ಎಚ್‌ಡಿ ಟಿವಿಯಾದರೆ 1920 ಮತ್ತು 1080.

2. ಬಣ್ಣದ ಅಂಕಿಗಳನ್ನು ಕೈಯಾರೆ ತುಂಬಿ ಇಡೀ ಚಿತ್ರಕ್ಕೆ ಬಣ್ಣ ಸುರಿಯಿರಿ. ಕೆಂಪು 255, 0, 0. ಹಸಿರು 0, 255, 0. ನೀಲಿ 0, 0, 255. ಹಳದಿ 255, 255, 0. ನೇರಳೆಗೆಂಪು 255, 0, 255. ತಿಳಿನೀಲಿ 0, 255, 255. ಬಿಳಿ 255, 255, 255. ನಡುಬೂದು 128, 128, 128. ಕಡುಬೂದು 13, 13, 13. ಒಂದೊಂದನ್ನೂ ಪಿಎನ್‌ಜಿ ಕಡತವಾಗಿ ಉಳಿಸಿ. ಟಿವಿ ಪಿಎನ್‌ಜಿ ತೆರೆಯದಿದ್ದರೆ ಜೆಪೆಗ್ ಆಗಬಹುದು.

3. ಪೆನ್‌ಡ್ರೈವ್‌ಗೆ ಹಾಕಿ ಟಿವಿಗೆ ಚುಚ್ಚಿ, ಟಿವಿಯದೇ ಫೋಟೊ ಆ್ಯಪ್‌ನಲ್ಲಿ ತೆರೆಯಿರಿ. ಕೆಳಗಿನ ಬಟನ್‌ಗಳ ಸಾಲು ಮಾಯವಾಗುವವರೆಗೆ ಕಾಯಿರಿ.

4. ಕೋಣೆಯ ದೀಪ ಆರಿಸಿ, ಕಿಟಕಿ ಮುಚ್ಚಿ, ಎರಡು ಮೂರು ನಿಮಿಷ ಕಣ್ಣು ಹೊಂದಿಕೊಳ್ಳಲಿ. ಪ್ರತಿ ಚಿತ್ರವನ್ನು ಅರ್ಧ ನಿಮಿಷ ನೋಡಿದರೆ ಸಾಕು. ಪರೀಕ್ಷೆಯ ಚಿತ್ರವನ್ನೇ ಗಂಟೆಗಟ್ಟಲೆ ಬಿಟ್ಟು ಕೂರಬೇಡಿ.

5. ಮೊದಲು ನಾಲ್ಕು ಮೂಲೆ, ಆಮೇಲೆ ಕೆಳಗಿನ ಆರನೇ ಒಂದು ಭಾಗ, ಕೊನೆಗೆ ನಡುಭಾಗ. ಕಂಡದ್ದನ್ನು ಯಾವ ಬಣ್ಣದಲ್ಲಿ ಕಂಡಿತೆಂದು ಬರೆದಿಡಿ.

ಯಾವ ಬಣ್ಣದಲ್ಲಿ ಕಂಡಿತು ಎನ್ನುವುದು ತುಂಬ ಹೇಳುತ್ತದೆ. ಕೆಂಪು ಲೋಗೊ ಅಥವಾ ಕೆಂಪು ಪಟ್ಟಿಯಿಂದಾದ ಸವಕಳಿ ಕೆಂಪು, ಹಳದಿ, ನೇರಳೆಗೆಂಪು ಚಿತ್ರಗಳಲ್ಲಿ ಕಾಣುತ್ತದೆ. ಹಸಿರು, ನೀಲಿಯಲ್ಲಿ ಮಾಯವಾಗುತ್ತದೆ. ನಾಲ್ಕು ಉಪಚುಕ್ಕೆಗಳ ಪ್ಯಾನೆಲ್‌ನಲ್ಲಿ ಬಿಳಿ ಅಕ್ಷರದ ಪಟ್ಟಿ ಮುಖ್ಯವಾಗಿ ಬಿಳಿ ಉಪಚುಕ್ಕೆಯನ್ನು ಸವೆಸುವುದರಿಂದ ನೆರಳು ಬಿಳಿ ಮತ್ತು ನಡುಬೂದಿನಲ್ಲಿ ಎದ್ದು ಕಾಣುತ್ತದೆ, ಶುದ್ಧ ಕೆಂಪಿನಲ್ಲಿ ಕಾಣದೇ ಇರಬಹುದು. ನಮ್ಮ ಸುದ್ದಿ ಚಾನೆಲ್‌ಗಳಲ್ಲಿ ಕೆಂಪು, ಹಳದಿ, ಬಿಳಿ ಮೂರೂ ಸೇರಿದ ದಪ್ಪ ಪಟ್ಟಿಗಳೇ ಹೆಚ್ಚು, ಹಾಗಾಗಿ ಒಂಬತ್ತನ್ನೂ ನೋಡಲೇಬೇಕು.

ಕಡುಬೂದಿನಲ್ಲಿ ಉದ್ದುದ್ದದ ಮಂಕು ಗೆರೆಗಳು ಕಂಡರೆ ಗಾಬರಿಯಾಗಬೇಡಿ. ಒಎಲ್‌ಇಡಿಗಳಲ್ಲಿ ಹೊಸದಾಗಿ ಬಂದಾಗಲೇ ಇರುವ ಅಸಮತೆ ಅದು. ಬರ್ನ್-ಇನ್‌ಗೆ ಯಾವಾಗಲೂ ಒಂದು ಆಕಾರ ಇರುತ್ತದೆ: ನೇರ ಅಂಚಿನ ಪಟ್ಟಿ, ಅಕ್ಷರ, ಚೌಕ, ಟಾಸ್ಕ್‌ಬಾರ್. ಎಲ್‌ಸಿಡಿಯಲ್ಲಿ ಮೋಡದಂಥ ಬಿಳುಪು ಅಥವಾ ಮೂಲೆಯಲ್ಲಿ ಸೋರಿದಂಥ ಬೆಳಕು ಕಂಡರೆ ಅದು ಬ್ಯಾಕ್‌ಲೈಟಿನ ತೊಂದರೆ. ನಾಣ್ಯದಷ್ಟು ಗುಂಡಗಿನ ಬೆಳಕಿನ ಚುಕ್ಕೆ ಕಂಡರೆ ಒಳಗಿನ ಎಲ್‌ಇಡಿಯ ಲೆನ್ಸ್ ಕಳಚಿದೆ. ಇವೆರಡಕ್ಕೂ ಈ ಲೇಖನದ ಮದ್ದು ಹತ್ತದು, ರಿಪೇರಿಯವರ ಕೆಲಸ.

ಇನ್ನೊಂದು ಸಂದೇಹ ಪರಿಹರಿಸಿಕೊಳ್ಳಿ. ನೆರಳಿನ ಮೇಲೆ ಟಿವಿಯದೇ ಮೆನು ತೆರೆಯಿರಿ, ಆಮೇಲೆ ಸೆಟ್‌ಟಾಪ್ ಬಾಕ್ಸಿನಿಂದ ಬೇರೆ ಎಚ್‌ಡಿಎಂಐಗೆ ಬದಲಿಸಿ. ಮೂಲ ಬದಲಾದಾಗ ನೆರಳೂ ಹೋದರೆ ತಪ್ಪು ಬಾಕ್ಸಿನದು. ಕಂಪ್ಯೂಟರ್ ಆದರೆ ಸ್ಕ್ರೀನ್‌ಶಾಟ್ ತೆಗೆದು ಮೊಬೈಲಿಗೆ ಕಳಿಸಿ ನೋಡಿ. ಮೊಬೈಲಿನಲ್ಲೂ ನೆರಳು ಕಂಡರೆ ಅದು ತಂತ್ರಾಂಶದ್ದು, ಪರದೆ ಸರಿಯಾಗಿದೆ.

ದಾಖಲೆಗೆ ಫೋಟೊ ಬೇಕೇ ಬೇಕು. ಮೊಬೈಲನ್ನು ಸ್ಟೂಲಿನ ಮೇಲೆ ಅಲುಗದಂತೆ ನಿಲ್ಲಿಸಿ, ಪ್ರೊ ಮೋಡ್‌ನಲ್ಲಿ ಶಟರ್ ವೇಗವನ್ನು ಸೆಕೆಂಡಿನ 25 ಅಥವಾ 30ರಲ್ಲಿ ಒಂದಂಶಕ್ಕೆ ಇಡಿ. ಅದಕ್ಕಿಂತ ವೇಗವಾದರೆ ಫೋಟೊದಲ್ಲಿ ಕಪ್ಪು ಪಟ್ಟೆಗಳು ಬರುತ್ತವೆ.

ತಾತ್ಕಾಲಿಕವೋ, ಶಾಶ್ವತವೋ?

ಟಿವಿಯನ್ನು ರಿಮೋಟಿನಿಂದ ಆರಿಸಿ, ಪ್ಲಗ್ಗಿನ ಸ್ವಿಚ್ ಹಾಕಿಯೇ ಇರಲಿ, ಬೆಳಗ್ಗೆ ಎದ್ದು ಅದೇ ಒಂಬತ್ತು ಚಿತ್ರ ನೋಡಿ. ಮಾಯವಾಗಿದ್ದರೆ ಅದು ಬರೀ ಛಾಯೆ, ತಾನಾಗಿ ಹೋಗುವಂಥದ್ದು. ತೆಳುವಾಗಿದ್ದರೆ ಇನ್ನೂ ಎರಡು ಮೂರು ದಿನ ಬೇರೆಬೇರೆ ಕಾರ್ಯಕ್ರಮ ನೋಡುತ್ತ ಹೀಗೆಯೇ ಮಾಡಿ. ನಾಲ್ಕನೆಯ ದಿನವೂ ಅದೇ ಜಾಗದಲ್ಲಿ, ಅದೇ ಗಾಢತೆಯಲ್ಲಿ ಇದ್ದರೆ ಸವಕಳಿ ಆಗಿದೆ ಎಂದೇ ಅರ್ಥ.

ಪ್ಲಗ್ ಪಾಯಿಂಟಿನ ಸ್ವಿಚ್ ಆರಿಸುವ ಅಭ್ಯಾಸ

ಇದನ್ನು ತುಸು ಬಿಡಿಸಿ ಹೇಳಬೇಕು. ನಮ್ಮ ಮನೆಗಳಲ್ಲಿ ಒಎಲ್‌ಇಡಿಗಳು ಅಕಾಲಕ್ಕೆ ಸೊರಗುವುದಕ್ಕೆ ಈ ಅಭ್ಯಾಸವೂ ಒಂದು ಕಾರಣ.

ರಾತ್ರಿ ಮಲಗುವ ಮುಂಚೆ ಗೋಡೆಯ ಸ್ವಿಚ್ ಆರಿಸುವುದನ್ನು ನಾವು ಚಿಕ್ಕಂದಿನಿಂದ ಕಲಿತಿದ್ದೇವೆ. ಕರೆಂಟ್ ಉಳಿತಾಯ, ಸಿಡಿಲಿನ ಭಯ, ಎರಡೂ ಸೇರಿ ಅದು ಕೈಗೆ ರೂಢಿಯಾಗಿದೆ. ಆದರೆ ಒಎಲ್‌ಇಡಿ ಟಿವಿ ತನ್ನ ಆರೈಕೆಯನ್ನು ಮಾಡಿಕೊಳ್ಳುವುದು ನೀವು ರಿಮೋಟಿನಲ್ಲಿ ಆರಿಸಿದ ಮೇಲೆ. ಎಲ್‌ಜಿ ಟಿವಿಗಳಲ್ಲಿ ಒಟ್ಟು ನಾಲ್ಕು ಗಂಟೆ ಓಡಿದ ನಂತರ ಆರಿಸಿದಾಗ ಒಂದು ಚಿಕ್ಕ ಸುತ್ತು ನಡೆಯುತ್ತದೆ, ಸುಮಾರು ಹತ್ತು ನಿಮಿಷದ್ದು. ಪ್ರತಿ ಚುಕ್ಕೆಯ ಹಿಂದಿನ ಟ್ರಾನ್ಸಿಸ್ಟರ್ ಎಷ್ಟು ದಾರಿ ತಪ್ಪಿದೆಯೆಂದು ಅಳೆದು, ಅದಕ್ಕೆ ತಕ್ಕಂತೆ ಕರೆಂಟನ್ನು ಹೊಂದಿಸುವ ಕೆಲಸ ಅದು. ಹಿಂದೆ ಕಿವಿಗೊಟ್ಟರೆ ಟಿಕ್ ಎಂಬ ಸದ್ದು ಕೇಳಿಸಬಹುದು. ರಿಮೋಟ್ ಒತ್ತಿದ ಮರುಕ್ಷಣವೇ ಗೋಡೆಯ ಸ್ವಿಚ್ ಆರಿಸಿದರೆ ಈ ಅಳತೆಯೇ ಆಗುವುದಿಲ್ಲ. ವಾರಗಟ್ಟಲೆ ಹೀಗೇ ನಡೆದರೆ ತಾನಾಗಿ ಹೋಗಬೇಕಿದ್ದ ಛಾಯೆಗಳೂ ಉಳಿದುಕೊಳ್ಳುತ್ತವೆ, ಗೆರೆಗಳು ಕಾಣತೊಡಗುತ್ತವೆ.

ಕರೆಂಟ್ ಬಿಲ್ಲಿನ ಚಿಂತೆ ಬೇಡ. ಸ್ಟ್ಯಾಂಡ್‌ಬೈನಲ್ಲಿ ಅರ್ಧ ವ್ಯಾಟ್ ಎಂದು ಹಿಡಿದರೂ ದಿನಕ್ಕೆ 24 ಗಂಟೆಯಂತೆ 30 ದಿನಕ್ಕೆ 360 ವ್ಯಾಟ್-ಗಂಟೆ. ಅರ್ಧ ಯೂನಿಟ್ ಕೂಡ ಆಗದು. ಸಿಡಿಲಿನ ಭಯ ಮಾತ್ರ ನಿಜವಾದದ್ದು. ಮಲೆನಾಡು, ಕರಾವಳಿಯಲ್ಲಿ ಗುಡುಗಿನ ಸಂಜೆ ಪ್ಲಗ್ಗನ್ನೂ ಕೇಬಲ್ಲನ್ನೂ ಕಿತ್ತಿಡುವುದು ಸರಿಯೇ. ಉಳಿದ ದಿನ ಸ್ವಿಚ್ ಹಾಕಿರಲಿ. ಆರಿಸಲೇಬೇಕೆಂದು ಹಟ ಹಿಡಿಯುವ ಹಿರಿಯರು ಮನೆಯಲ್ಲಿದ್ದರೆ ಒಂದು ಒಪ್ಪಂದ ಮಾಡಿಕೊಳ್ಳಿ: ಟಿವಿ ಆರಿಸಿದ ಮೇಲೆ ಕಾಲು ಗಂಟೆ ಬಿಟ್ಟು ಸ್ವಿಚ್ ಮುಟ್ಟುವುದು.

ದೊಡ್ಡ ಸುತ್ತು: ಪಿಕ್ಸೆಲ್ ರಿಫ್ರೆಶ್

ಚಿಕ್ಕ ಸುತ್ತುಗಳಿಂದ ಹೋಗದ ನೆರಳಿಗೆ ಸುಮಾರು ಒಂದು ಗಂಟೆ ಹಿಡಿಯುವ ದೊಡ್ಡ ಸುತ್ತು ಇದೆ. ಎಲ್‌ಜಿಯಲ್ಲಿ ಸೆಟಿಂಗ್ಸ್, ಜನರಲ್, ಒಎಲ್‌ಇಡಿ ಕೇರ್, ಒಎಲ್‌ಇಡಿ ಪ್ಯಾನೆಲ್ ಕೇರ್ ಒಳಗೆ ಪಿಕ್ಸೆಲ್ ಕ್ಲೀನಿಂಗ್ ಎಂದಿರುತ್ತದೆ. ಹಳೆಯ ಮಾಡೆಲ್‌ಗಳಲ್ಲಿ ಪಿಕ್ಸೆಲ್ ರಿಫ್ರೆಶರ್ ಎನ್ನುತ್ತಾರೆ. ಸ್ಯಾಮ್‌ಸಂಗ್‌ನಲ್ಲಿ ಪ್ಯಾನೆಲ್ ಕೇರ್ ಒಳಗಿನ ಪಿಕ್ಸೆಲ್ ರಿಫ್ರೆಶ್. ಸೋನಿಯಲ್ಲಿ ಪ್ಯಾನೆಲ್ ರಿಫ್ರೆಶ್. ಮಾಡೆಲ್ ವರ್ಷಕ್ಕೆ ತಕ್ಕಂತೆ ಮೆನುವಿನ ಜಾಗ ಬದಲಾಗುತ್ತದೆ, ಹೆಸರು ಹುಡುಕಿದರೆ ಸಿಗುತ್ತದೆ. ಎಲ್‌ಜಿ ಟಿವಿಗಳು 2000 ಗಂಟೆ ಓಡಿದಾಗ ಈ ಸುತ್ತನ್ನು ತಾವೇ ಕೇಳಿ ಮಾಡುತ್ತವೆ. ಆ ಸಂದೇಶ ಬಂದಾಗ ತಳ್ಳಿಹಾಕಬೇಡಿ.

ಮಾಡುವ ಕ್ರಮ ಹೀಗೆ. ಟಿವಿ ಒಂದು ಗಂಟೆಯಾದರೂ ಆರಿದ್ದು ತಣ್ಣಗಾಗಿರಲಿ. ಕೋಣೆಯ ಉಷ್ಣತೆ 10ರಿಂದ 40 ಡಿಗ್ರಿ ಒಳಗಿರಬೇಕೆಂದು ಸೋನಿ ಹೇಳುತ್ತದೆ. ಕಲಬುರಗಿ, ರಾಯಚೂರಿನ ಮೇ ತಿಂಗಳ ಮಧ್ಯಾಹ್ನ ಈ ಮಿತಿ ದಾಟಿಯೇ ಹೋಗುತ್ತದೆ, ಆದ್ದರಿಂದ ಅಲ್ಲಿಯವರು ರಾತ್ರಿ ಅಥವಾ ನಸುಕಿನಲ್ಲಿ ಮಾಡುವುದು ಮೇಲು. ಕರೆಂಟ್ ಹೋಗುವ ಸಮಯ ತಪ್ಪಿಸಿ. ನಡುವೆ ಹೋದರೆ ಸುತ್ತು ಅರ್ಧಕ್ಕೆ ನಿಂತು, ಮತ್ತೆ ಮೊದಲಿಂದ ಮಾಡಬೇಕಾಗುತ್ತದೆ. ರಿಮೋಟನ್ನು ಮಕ್ಕಳ ಕೈಗೆ ಸಿಗದಂತೆ ಇಡಿ, ಟಿವಿ ಹಾಕಿದರೂ ನಿಂತುಬಿಡುತ್ತದೆ. ಕೊನೆಯಲ್ಲಿ ಪರದೆಯ ಮೇಲೆ ಬಿಳಿ ಗೆರೆ ಕಾಣಿಸಿಕೊಂಡರೆ ಅದು ಕೆಟ್ಟದ್ದರ ಗುರುತಲ್ಲ.

ಮರುದಿನ ಪರೀಕ್ಷೆ ಮಾಡಿ. ನೆರಳು ತೆಳುವಾಗಿದ್ದರೆ ಅಷ್ಟೇ ಲಾಭ. ಇನ್ನೂ ಉಳಿದಿದೆಯೆಂದು ವಾರಕ್ಕೊಂದು ಸಲ ಮಾಡಿದರೆ ಸವೆದ ಪದರ ಮರಳಿ ಬರುವುದಿಲ್ಲ. ಸೋನಿಯಂತೂ ಇದನ್ನು ವರ್ಷಕ್ಕೊಮ್ಮೆಗಿಂತ ಹೆಚ್ಚು ಮಾಡಬೇಡಿ, ಪ್ಯಾನೆಲ್ಲಿನ ಆಯುಸ್ಸಿಗೆ ಒಳ್ಳೆಯದಲ್ಲ ಎನ್ನುತ್ತದೆ. ಆ ಮಾತನ್ನು ಎಲ್ಲ ಕಂಪನಿಯ ಟಿವಿಗೂ ಅನ್ವಯಿಸಿಕೊಳ್ಳುವುದು ಕ್ಷೇಮ.

ಎಲ್‌ಸಿಡಿ ಆದರೆ

ಇಲ್ಲಿ ಕಾಲವೇ ವೈದ್ಯ. ಮಾನಿಟರನ್ನು ಆರಿಸಿ, ನೆರಳು ಎಷ್ಟು ಹೊತ್ತಿನಲ್ಲಿ ಬಿತ್ತೋ ಅಷ್ಟು ಹೊತ್ತಾದರೂ ಹಾಗೆಯೇ ಬಿಡಿ. ಆಗಲೂ ಹೋಗದಿದ್ದರೆ ಪೂರ್ತಿ ಬಿಳಿ ಚಿತ್ರವನ್ನು, ಇಲ್ಲವೇ ಎಲ್ಲೆಡೆ ಒಂದೇ ಸಮ ಚಲಿಸುವ ವಿಡಿಯೊವನ್ನು ಎರಡು ಮೂರು ಗಂಟೆ ಓಡಿಸಿ. ಎಲ್‌ಸಿಡಿಯದೇ ಒಂದು ಬಗೆಯಾದ ಐಪಿಎಸ್ ಮಾನಿಟರ್‌ಗಳಲ್ಲಿ ಅರ್ಧ ಗಂಟೆಯ ಎಕ್ಸೆಲ್ ಹಾಳೆಯೂ ಗೆರೆಗಳನ್ನು ಬಿಟ್ಟುಹೋಗುವುದುಂಟು. ಆ ಮಟ್ಟಿಗೆ ಬೇಗ ಬೀಳುವ ಪ್ಯಾನೆಲ್ ದೋಷದ್ದು, ವಾರಂಟಿಯಿದ್ದರೆ ತಡಮಾಡದೆ ಬದಲಿಸಿಕೊಳ್ಳಿ. ಬಿಸಿಲು ಬೀಳುವ ಕಿಟಕಿಯ ಪಕ್ಕ, ಪ್ರಿಂಟರಿನ ಗಾಳಿ ಬಡಿಯುವ ಕಡೆ ಇಟ್ಟ ಮಾನಿಟರಿನಲ್ಲಿ ತೊಂದರೆ ಹೆಚ್ಚು.

ಮಾಡಬಾರದವು

ಬಣ್ಣಗಳು ಪಟಪಟನೆ ಮಿನುಗುವ ಹನ್ನೆರಡು ಗಂಟೆಯ ವಿಡಿಯೊ ಹಾಕಿದರೆ ಬರ್ನ್-ಇನ್ ಹೋಗುತ್ತದೆಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಎಲ್‌ಸಿಡಿ, ಪ್ಲಾಸ್ಮಾಗಳ ತಾತ್ಕಾಲಿಕ ಛಾಯೆಗೆ ಅದರಿಂದ ಸ್ವಲ್ಪ ಉಪಯೋಗವಿದೆ. ಒಎಲ್‌ಇಡಿಯಲ್ಲಿ ಅದು ಮಾಡುವುದು ಇಡೀ ಪರದೆಯನ್ನು ಗರಿಷ್ಠ ಹೊಳಪಿನಲ್ಲಿ ಹನ್ನೆರಡು ಗಂಟೆ ಸವೆಸುವುದನ್ನು. ಲೋಗೊದ ತಿರುವುಮುರುವು ಚಿತ್ರವನ್ನು ಹಾಕಿ ಉಳಿದ ಜಾಗವನ್ನೂ ಅಷ್ಟೇ ಸವೆಸುವ ಉಪಾಯ ತರ್ಕಕ್ಕೆ ಸರಿ. ಆದರೆ ಅಂಚು ಒಂದು ಚುಕ್ಕೆ ಜಾರಿದರೂ ಹೊಸ ಗೆರೆ ಮೂಡುತ್ತದೆ, ಮನೆಯಲ್ಲಿ ಪ್ರಯತ್ನಿಸುವಂಥದ್ದಲ್ಲ. ಪರದೆಯನ್ನು ಬೆರಳಿನಿಂದ ಒತ್ತಿ ಉಜ್ಜುವುದು, ಹೇರ್ ಡ್ರೈಯರ್ ಬಿಸಿ ಕೊಡುವುದು ಇವೆರಡೂ ಪ್ಯಾನೆಲ್ ಒಡೆಯುವ ದಾರಿ. ಸ್ಥಿರ ಚಿತ್ರ ಇದ್ದಾಗ ಟಿವಿ ತಾನಾಗಿ ಮಂಕಾಗುತ್ತದೆಂದು ಸಿಟ್ಟು ಮಾಡಿಕೊಂಡು ಸರ್ವಿಸ್ ಮೆನುವಿಗೆ ಹೋಗಿ ಆ ರಕ್ಷಣೆಯನ್ನು ಆರಿಸುವವರಿದ್ದಾರೆ. ಅದು ಟಿವಿಯ ಹೆಲ್ಮೆಟ್ ತೆಗೆದಂತೆ, ವಾರಂಟಿಯೂ ಕೈಬಿಡಬಹುದು.

ಪ್ಯಾನೆಲ್ಲಿಗೆ ಹೊಸ ಲೇಪನ ಕೊಟ್ಟು ಸರಿಮಾಡುತ್ತೇವೆನ್ನುವವರನ್ನು ನಂಬಬೇಡಿ. ಸವೆದದ್ದು ಗಾಜಿನೊಳಗೆ ಮೊಹರಾದ ಪದರ. ಬದಲಿಸುವುದಾದರೆ ಇಡೀ ಪ್ಯಾನೆಲ್, ಅದರ ಬೆಲೆ ಹೊಸ ಟಿವಿಯ ಬೆಲೆಗೆ ಹತ್ತಿರ.

ಟಿವಿಯಲ್ಲಿ ಇಂದೇ ಬದಲಿಸಬೇಕಾದ್ದು

ಅಂಗಡಿಯಲ್ಲಿ ಕಣ್ಣು ಕುಕ್ಕಲೆಂದು ಇಟ್ಟ ವಿವಿಡ್ ಮೋಡ್ ಬಿಟ್ಟು ಸಿನಿಮಾ ಅಥವಾ ಫಿಲ್ಮ್‌ಮೇಕರ್ ಮೋಡಿಗೆ ಬನ್ನಿ. ಹೊಳಪು ಇಳಿಸುವಾಗ ಸರಿಯಾದ ಗುಂಡಿಯನ್ನೇ ಇಳಿಸಬೇಕು. ಎಲ್‌ಜಿಯಲ್ಲಿ ಅದು ಒಎಲ್‌ಇಡಿ ಪಿಕ್ಸೆಲ್ ಬ್ರೈಟ್‌ನೆಸ್, ಹಳೆಯದರಲ್ಲಿ ಒಎಲ್‌ಇಡಿ ಲೈಟ್. ಅಲ್ಲೇ ಪಕ್ಕದಲ್ಲಿರುವ ಇನ್ನೊಂದು ಬ್ರೈಟ್‌ನೆಸ್ ಗುಂಡಿ ಕಪ್ಪಿನ ಮಟ್ಟದ್ದು, ಅದನ್ನು ಇಳಿಸಿದರೆ ಕತ್ತಲ ದೃಶ್ಯಗಳು ಮಣ್ಣಾಗುತ್ತವೆಯೇ ಹೊರತು ಪ್ಯಾನೆಲ್ಲಿಗೆ ಏನೂ ಉಳಿಯದು. ಸುದ್ದಿ, ಧಾರಾವಾಹಿಗೆ ಹಗಲಲ್ಲಿ 40ರಿಂದ 50, ರಾತ್ರಿ 30ರ ಆಸುಪಾಸು ಧಾರಾಳವಾಯಿತು. ಹೆಚ್ಚು ಹೊಳಪಿಗೆಂದೇ ತಯಾರಾದ ಎಚ್‌ಡಿಆರ್ ಸಿನಿಮಾ ಬಂದಾಗ ಟಿವಿ ತಾನೇ ಪೂರ್ತಿ ಏರಿಸಿಕೊಳ್ಳುತ್ತದೆ, ಬಿಡಿ. ಸಿನಿಮಾದಲ್ಲಿ ಯಾವುದೂ ಒಂದೇ ಕಡೆ ನಿಲ್ಲುವುದಿಲ್ಲ.

ನಿಂತ ಲೋಗೊವನ್ನು ಗುರುತಿಸಿ ಮಂಕಾಗಿಸುವ ಲೋಗೊ ಬ್ರೈಟ್‌ನೆಸ್ ಹೊಂದಿಕೆಯನ್ನು ಅತ್ಯಂತ ಮೇಲಿನ ಮಟ್ಟಕ್ಕೆ, ಎಂದರೆ ಲೋಗೊ ಹೆಚ್ಚು ಮಂಕಾಗುವಂತೆ, ಇಡಿ. ಸ್ಕ್ರೀನ್ ಮೂವ್ ಅಥವಾ ಪಿಕ್ಸೆಲ್ ಶಿಫ್ಟ್ ಆನ್ ಇರಲಿ. ಅದು ಇಡೀ ಚಿತ್ರವನ್ನು ಆಗಾಗ ಕೆಲವು ಚುಕ್ಕೆಗಳಷ್ಟು ಸರಿಸುತ್ತದೆ. ಇದರಿಂದ ಲೋಗೊದ ಅಂಚು ಮಸುಕಾಗುತ್ತದೆ, ಆದರೆ ದಪ್ಪ ಪಟ್ಟಿಯ ನಡುಭಾಗಕ್ಕೆ ಇದು ಏನೂ ಮಾಡಲಾರದು.

ಸವಕಳಿ ಕೂಡುತ್ತ ಹೋಗುವ ಲೆಕ್ಕ. ದಿನಕ್ಕೆ ಆರು ಗಂಟೆ ಒಂದೇ ಸುದ್ದಿ ಚಾನೆಲ್ ಎಂದರೆ ವರ್ಷಕ್ಕೆ 2190 ಗಂಟೆ ಒಂದೇ ಪಟ್ಟಿ, ಒಂದೇ ಜಾಗ. ನಡುವೆ ಟಿವಿ ಆರಿಸಿ ವಿಶ್ರಾಂತಿ ಕೊಟ್ಟರೆ ಛಾಯೆ ಹೋದೀತು, ಸವಕಳಿ ಹಿಂದಕ್ಕೆ ಬಾರದು. ಕೆನಡಾದ ಆರ್ಟಿಂಗ್ಸ್ ಸಂಸ್ಥೆ 2018ರಲ್ಲಿ ಆರು ಎಲ್‌ಜಿ ಒಎಲ್‌ಇಡಿ ಟಿವಿಗಳನ್ನು ದಿನಕ್ಕೆ 20 ಗಂಟೆಯಂತೆ ಓಡಿಸಿ ನೋಡಿತು. ಗರಿಷ್ಠ ಹೊಳಪಿನಲ್ಲಿ ಸಿಎನ್‌ಎನ್ ಸುದ್ದಿ ಓಡಿದ ಟಿವಿಯಲ್ಲಿ ನೆರಳು ಬೇಗ ಬಿತ್ತು, ಅದೇ ಸುದ್ದಿಯನ್ನು ಕಡಿಮೆ ಹೊಳಪಿನಲ್ಲಿ ಓಡಿಸಿದ್ದರಲ್ಲಿ ತಡವಾಗಿ ಕಾಣಿಸಿಕೊಂಡಿತು. ಒಂದೇ ಚಾನೆಲ್, ಹೊಳಪಿನಲ್ಲಷ್ಟೇ ವ್ಯತ್ಯಾಸ.

ಬೆಳಗಿನ ಸುಪ್ರಭಾತಕ್ಕೆ, ಹಾಡಿಗೆ ಟಿವಿ ಹಾಕುವ ಮನೆಗಳಿವೆ. ದೇವರ ಒಂದೇ ಚಿತ್ರ ಗಂಟೆಗಟ್ಟಲೆ ನಿಂತಿರುತ್ತದೆ. ಎಲ್‌ಜಿಯಲ್ಲಿ ಸ್ಕ್ರೀನ್ ಆಫ್, ಸೋನಿ, ಸ್ಯಾಮ್‌ಸಂಗ್‌ಗಳಲ್ಲಿ ಪಿಕ್ಚರ್ ಆಫ್ ಎಂಬ ಆಯ್ಕೆ ಇದೆ. ಚಿತ್ರ ಆರಿ ಹಾಡು ಮಾತ್ರ ಕೇಳುತ್ತದೆ. ಇದನ್ನು ಮನೆಯವರಿಗೆ ಒಮ್ಮೆ ಕೈಹಿಡಿದು ತೋರಿಸಿಕೊಡಿ. ಊಟಕ್ಕೆಂದು ಎದ್ದು ಸೆಟ್‌ಟಾಪ್ ಬಾಕ್ಸಿನ ಮೆನುವಿನಲ್ಲೋ, ನಿಲ್ಲಿಸಿದ ವಿಡಿಯೊದಲ್ಲೋ ಟಿವಿ ಬಿಟ್ಟುಹೋಗುವುದನ್ನೂ ಹಾಗೆಯೇ ತಪ್ಪಿಸಿ.

ಹಳೆಯ ಚಿತ್ರಗಳು ಚೌಕಾಕಾರದಲ್ಲಿ ಬಂದಾಗ ಎಡಬಲದ ಕಪ್ಪು ಪಟ್ಟಿಗಳಲ್ಲಿ ಚುಕ್ಕೆಗಳು ಆರಿಯೇ ಇರುತ್ತವೆ, ನಡುಭಾಗ ಮಾತ್ರ ಸವೆಯುತ್ತದೆ. ವಾರಕ್ಕೊಂದು ಎರಡು ಆದರೆ ಪರವಾಗಿಲ್ಲ. ದಿನಾ ಅದೇ ನೋಡುವವರ ಟಿವಿಯಲ್ಲಿ ವರ್ಷಗಳ ನಂತರ ಎರಡು ಅಂಚುಗಳು ಹೆಚ್ಚು ಹೊಳೆಯುತ್ತ ಕಾಣಿಸುತ್ತವೆ.

ಮನೆಯಲ್ಲಿ ಸುದ್ದಿಯೇ ಮುಖ್ಯ, ದಿನಕ್ಕೆ ಐದಾರು ಗಂಟೆ ಎಂದಾದರೆ ನಮ್ಮ ಸಲಹೆ ನೇರ: ಒಎಲ್‌ಇಡಿ ಕೊಳ್ಳಬೇಡಿ, ಒಳ್ಳೆಯ ಮಿನಿ ಎಲ್‌ಇಡಿ ತೆಗೆದುಕೊಳ್ಳಿ. ರಾತ್ರಿ ದೀಪ ಆರಿಸಿ ಸಿನಿಮಾ ನೋಡುವವರಿಗೆ ಒಎಲ್‌ಇಡಿಗೆ ಸಾಟಿಯಿಲ್ಲ.

ಕಂಪ್ಯೂಟರ್ ಮಾನಿಟರ್

ಟಿವಿಗಿಂತ ಇಲ್ಲಿ ಕಷ್ಟ ಹೆಚ್ಚು, ಏಕೆಂದರೆ ಕಂಪ್ಯೂಟರಿನಲ್ಲಿ ಚಲಿಸುವುದಕ್ಕಿಂತ ನಿಲ್ಲುವುದೇ ಜಾಸ್ತಿ. ದಿನಕ್ಕೆ ಒಂಬತ್ತು ಗಂಟೆ ಕೋಡ್, ಲೆಕ್ಕದ ಹಾಳೆ, ಡಿಟಿಪಿ ಎನ್ನುವವರು ಎಲ್‌ಸಿಡಿಯಲ್ಲೇ ಇರುವುದು ಒಳ್ಳೆಯದು. ಒಎಲ್‌ಇಡಿ ಈಗಾಗಲೇ ಮೇಜಿನ ಮೇಲಿದ್ದರೆ ಹೀಗೆ ಮಾಡಿ.

ವಿಂಡೋಸ್ 11ರಲ್ಲಿ ಟಾಸ್ಕ್‌ಬಾರಿನ ಖಾಲಿ ಜಾಗದಲ್ಲಿ ಬಲ ಕ್ಲಿಕ್, ಟಾಸ್ಕ್‌ಬಾರ್ ಸೆಟಿಂಗ್ಸ್, ಟಾಸ್ಕ್‌ಬಾರ್ ಬಿಹೇವಿಯರ್ಸ್, ಅಲ್ಲಿ ಆಟೊಮ್ಯಾಟಿಕಲಿ ಹೈಡ್ ಎಂಬುದಕ್ಕೆ ಗುರುತು ಹಾಕಿ. ಮ್ಯಾಕ್‌ನಲ್ಲಿ ಡಾಕ್ ಮತ್ತು ಮೆನು ಬಾರ್ ಎರಡನ್ನೂ ಅಡಗಿಸಬೇಕು. ಡೆಸ್ಕ್‌ಟಾಪಿನಲ್ಲಿ ಬಲ ಕ್ಲಿಕ್, ವ್ಯೂ, ಶೋ ಡೆಸ್ಕ್‌ಟಾಪ್ ಐಕಾನ್ಸ್ ಗುರುತು ತೆಗೆಯಿರಿ. ವಾಲ್‌ಪೇಪರ್ ಪೂರ್ತಿ ಕಪ್ಪು. ಡಾರ್ಕ್ ಮೋಡ್ ಹಾಕಿ. ಪರದೆ ಆರುವ ಅವಧಿ 3ರಿಂದ 5 ನಿಮಿಷ. ಒಎಲ್‌ಇಡಿಗೆ ಆರಿದ ಪರದೆಗಿಂತ ಒಳ್ಳೆಯ ಸ್ಕ್ರೀನ್‌ಸೇವರ್ ಇಲ್ಲ. ಹೊಳಪು ಕೋಣೆಯ ಬೆಳಕಿಗೆ ಸಾಕಾಗುವಷ್ಟೇ ಇರಲಿ, ಬಿಳಿ ಕಾಗದವನ್ನು ಮಾನಿಟರ್ ಪಕ್ಕ ಹಿಡಿದು ಎರಡೂ ಒಂದೇ ಬಿಳುಪು ಕಾಣುವಷ್ಟು.

ಹೆಚ್ಚಿನವರ ಗಮನಕ್ಕೆ ಬಾರದ ಜಾಗ ಪರದೆಯ ಸರಿಯಾದ ನಡುವೆ. ಎರಡು ಕಿಟಕಿಗಳನ್ನು ಎಡಕ್ಕೊಂದು ಬಲಕ್ಕೊಂದು ಅರ್ಧರ್ಧ ಅಂಟಿಸಿ ತಿಂಗಳುಗಟ್ಟಲೆ ದುಡಿದರೆ ನಡುವಿನ ಗಡಿಯ ಗೆರೆ ಉದ್ದಕ್ಕೂ ಅಚ್ಚೊತ್ತುತ್ತದೆ. ವಾರಕ್ಕೊಮ್ಮೆ ಗಡಿಯನ್ನು ಎರಡು ಬೆರಳಿನಷ್ಟು ಆಚೀಚೆ ಸರಿಸಿ, ಕಿಟಕಿಗಳನ್ನು ಅದಲುಬದಲು ಮಾಡಿ. ಆಟ ಆಡುವವರು ಆಟದ ಸೆಟಿಂಗ್‌ನಲ್ಲಿ ಮ್ಯಾಪ್, ಹೆಲ್ತ್ ಬಾರ್‌ಗಳ ಪಾರದರ್ಶಕತೆ ಹೆಚ್ಚಿಸಿ.

ಮಾನಿಟರಿಗೂ ತನ್ನದೇ ಚಿಕ್ಕ ಸುತ್ತು ಇದೆ. ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ ಕೇಳುತ್ತದೆ, ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಮಧ್ಯಾಹ್ನದ ಊಟದ ಹೊತ್ತಿಗೆ ಬಿಟ್ಟುಬಿಡಿ. ಸಂಜೆ ಎಕ್ಸ್‌ಟೆನ್ಷನ್ ಬೋರ್ಡಿನ ಸ್ವಿಚ್ ಒಂದೇ ಏಟಿಗೆ ಆರಿಸುವ ಕಚೇರಿಗಳಲ್ಲಿ ಇದು ಎಂದೂ ನಡೆಯುವುದಿಲ್ಲ.

ಅಂಗಡಿ, ಸಿಸಿಟಿವಿ, ದರ್ಶಿನಿಯ ಮೆನು ಬೋರ್ಡ್

24 ಗಂಟೆ ನಿಲ್ಲುವ ಚಿತ್ರಕ್ಕೆ ಒಎಲ್‌ಇಡಿ ಯಾವ ಕಾರಣಕ್ಕೂ ಬೇಡ. ಎಲ್‌ಸಿಡಿಯಲ್ಲೂ ಸಿಸಿಟಿವಿಯ ಚೌಕಗಳ ಗೆರೆ ಕೂರುತ್ತದೆ. ಕ್ಯಾಮೆರಾ ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆಯ ಮೆನುವಿನಲ್ಲಿ ಟೂರ್ ಅಥವಾ ಸೀಕ್ವೆನ್ಸ್ ಎಂಬುದನ್ನು ಹುಡುಕಿ, 10ರಿಂದ 15 ಸೆಕೆಂಡಿಗೊಮ್ಮೆ ನೋಟ ಬದಲಾಗುವಂತೆ ಇಡಿ. ತಿಂಡಿಪಟ್ಟಿಯ ಟಿವಿಗೆ ಒಂದೇ ವಿನ್ಯಾಸದ ಬದಲು ಬೆಲೆಯ ಸಾಲು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬರುವ ಎರಡು ವಿನ್ಯಾಸ ಮಾಡಿಸಿ ಸರದಿಯಲ್ಲಿ ಹಾಕಿ. ಮುಚ್ಚುವ ಹೊತ್ತಿಗೆ ಆರಿಸಿ.

ವಾರಂಟಿ

ಟಿವಿಯ ವಾರಂಟಿ ಪುಸ್ತಿಕೆಯಲ್ಲಿ ಇಮೇಜ್ ರಿಟೆನ್ಷನ್, ಬರ್ನ್-ಇನ್, ಸ್ಟ್ಯಾಟಿಕ್ ಇಮೇಜ್ ಎಂಬ ಪದಗಳನ್ನು ಹುಡುಕಿ. ಬಹಳಷ್ಟು ಕಡೆ ಇವನ್ನು ಹೊರಗಿಟ್ಟಿರುತ್ತಾರೆ. ಮಾನಿಟರ್‌ಗಳಲ್ಲಿ ಪರಿಸ್ಥಿತಿ ಮೇಲು. ಡೆಲ್‌ನ ಏಲಿಯನ್‌ವೇರ್ ಒಎಲ್‌ಇಡಿ ಮಾನಿಟರ್‌ಗಳಿಗೆ ಬರ್ನ್-ಇನ್ ಸೇರಿಸಿಯೇ ಮೂರು ವರ್ಷದ ವಾರಂಟಿ ಕೊಟ್ಟಿದೆ. ಕೊಳ್ಳುವಾಗ ಮಾರಾಟಗಾರರ ಬಾಯಿಮಾತು ಸಾಲದು, ಬರಹದಲ್ಲಿ ಕೇಳಿ.

ದೂರು ಕೊಡುವ ಮುಂಚೆ ಒಂಬತ್ತು ಚಿತ್ರಗಳ ಫೋಟೊ, ಬಿಲ್, ಹಿಂಬದಿಯ ಸೀರಿಯಲ್ ನಂಬರ್, ಮೆನುವಿನಲ್ಲಿ ಕಾಣುವ ಒಟ್ಟು ಓಡಿದ ಗಂಟೆ, ದೊಡ್ಡ ಸುತ್ತು ಮಾಡಿದ ದಿನಾಂಕ ಇಷ್ಟನ್ನು ಒಂದೆಡೆ ಜೋಡಿಸಿಕೊಳ್ಳಿ. ಸರ್ವಿಸ್‌ನವರು ಬಂದಾಗ ಮಾಡಿಸುವ ಮೊದಲ ಕೆಲಸ ಆ ದೊಡ್ಡ ಸುತ್ತೇ. ನೀವು ಮಾಡಿ ದಾಖಲೆ ಇಟ್ಟಿದ್ದರೆ ಒಂದು ಭೇಟಿ ಉಳಿಯುತ್ತದೆ. ವಾರಂಟಿಯಲ್ಲಿ ಬರೆದದ್ದನ್ನೂ ಕೊಡದೆ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ನೋಂದಾಯಿಸಿ, ಅವರು ಕೊಡುವ ದೂರಿನ ಸಂಖ್ಯೆಯನ್ನು ಬಿಲ್ಲಿನ ಹಿಂದೆಯೇ ಬರೆದಿಟ್ಟುಕೊಳ್ಳಿ.